ಅಪ್ಪನ ಭತ್ತ, ಉಮ್ಮನ ಹಗ್ಗ

ಕೇರಳದ ಆ ಹಿನ್ನೀರಿನ ಊರಿಗೆ ಹೋದ ದಿನವೇ, ನಾನು ಬಾಡಿಗೆಗೆ ಇಳಿದ ಮನೆಯೊಡತಿ ಆಯಿಷುಮ್ಮ ನನ್ನ ಮುಂದೆ ತಟ್ಟೆ ಇಟ್ಟರು. ಹಸಿರು ಚಿಪ್ಪಿನೊಳಗೆ ಅಕ್ಕಿಹಿಟ್ಟು ತುರುಕಿ ಬೇಯಿಸಿದ ಕಲ್ಲುಮ್ಮಕ್ಕಾಯ, ಅಂದರೆ ಕಡಲ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಚಿಪ್ಪುಜೀವಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಮ್ಮಿಗೆ ಹಳ್ಳಿಯ ನಾನು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ. ಅವರು ಬೈಯಲಿಲ್ಲ. ಮರುದಿನ ನನಗೆಂದೇ ಹೊಸ ಮಡಕೆ ತಂದು ಬರಿಯ ಗಂಜಿ, ಹೆಸರುಕಾಳು ಬೇಯಿಸಿದರು. ಅಂದಿನಿಂದ ನಾನೂ ಅವರನ್ನು ಅಮ್ಮ ಎಂಬರ್ಥದಲ್ಲಿ ಉಮ್ಮ ಎಂದೇ ಕರೆದೆ.

ಅದು ತೊಂಬತ್ತರ ದಶಕದ ಕೊನೆ. ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ಚಿಪ್ಪಿನ ಮರಿ ಮಾಡಿಸುವ ತೊಟ್ಟಿಗಳು ನನ್ನ ಪಾಲಿಗೆ ಬಂದವು. ನಂಜನಗೂಡಿನಲ್ಲಿ ಕಪಿಲೆಗೆ ಇಳಿದರೆ ಬೊಗಸೆ ನೀರು ಕುಡಿದೇ ಏಳುತ್ತೇವೆ. ಇಲ್ಲಿ ಬಾಯಿಗಿಟ್ಟರೆ ಉಪ್ಪು. ಭಾಷೆ ಬಾರದು, ಮಾತಿಗೆ ಜನವಿಲ್ಲ. ಭಾನುವಾರ ಬಂತೆಂದರೆ ಅಳು ಬರುತ್ತಿತ್ತು. ತಳಿ ಬೆಳೆಸುವುದರಲ್ಲಿ ಗೊತ್ತಿದ್ದದ್ದು ಅಪ್ಪ ಕಣದಲ್ಲಿ ಕಲಿಸಿದ್ದು ಒಂದೇ: “ಬಿತ್ತನೆಗೆ ನಮ್ ಗದ್ದೇದೇ ದಪ್ಪ ತೆನೆ ಎತ್ತಿಡ್ಬೇಕು ಕಣ್ಲಾ. ಊರೋರ್ ಕಾಳು ನೆಚ್ಕೋಬ್ಯಾಡ.”

ಹಾಗೇ ಮಾಡಿದೆ. ವರ್ಷವರ್ಷವೂ ನನ್ನ ತೊಟ್ಟಿಯಲ್ಲೇ ಹುಟ್ಟಿದ ದಪ್ಪ ಚಿಪ್ಪುಗಳನ್ನು ಆರಿಸಿ ಮರಿ ಮಾಡಿಸಿದೆ. ಕಡಲಿನಿಂದ ಹೊಸದನ್ನು ತರಲೇ ಇಲ್ಲ. ಮೂರನೆಯ ವರ್ಷದ ಮರಿಗಳನ್ನೆಲ್ಲ, ಆ ಮಡಕೆಯ ಉಪಕಾರಕ್ಕೆಂದು, ಉಮ್ಮನಿಗೇ ಕೊಟ್ಟೆ. ಅವರು ಹಿನ್ನೀರಲ್ಲಿ ಗೂಟ ನೆಟ್ಟು, ಹಗ್ಗಕ್ಕೆ ಮರಿ ಕಟ್ಟಿ ಬೆಳೆಸುವವರು. ಗಂಡ ತೀರಿದ ಮೇಲೆ ಆ ಹಗ್ಗಗಳೇ ಅವರಿಗೆ ಅನ್ನ.

ಬೇಸಿಗೆಯ ಮೊದಲ ಬಿಸಿಗೇ ಅವರ ಚಿಪ್ಪುಗಳೆಲ್ಲ ಬಾಯಿಬಿಟ್ಟು ಕೊಳೆತವು. ಅಕ್ಕಪಕ್ಕದವರ ಹಗ್ಗಗಳಲ್ಲಿ ಕಡಲ ಬಂಡೆಯಿಂದ ತಂದ ಮರಿಗಳು ಗಟ್ಟಿಯಾಗಿಯೇ ಇದ್ದವು. ಪ್ರಯೋಗಾಲಯದ ಮೇಡಂ ಎರಡರ ಡಿಎನ್‌ಎ ತೆಗೆದು, ಪರೀಕ್ಷೆಯ ಚಿತ್ರದಲ್ಲಿ ಮೂಡಿದ ಗೆರೆಗಳನ್ನು ತೋರಿಸಿದರು. ಬಂಡೆಯವು ಒಂದೊಂದೂ ಬೇರೆ. ನನ್ನವು ಎಲ್ಲ ಒಂದೇ ತೆರ. ಅಪ್ಪನ ಬಿತ್ತನೆ ಭತ್ತದ ಮಾತನ್ನು ಅವರಿಗೆ ಹೇಳಿದೆ.

“ಇವೆಲ್ಲ ಒಡಹುಟ್ಟಿದವು ಕೂಡಿ ಹುಟ್ಟಿದ ಮರಿಗಳು. ತನ್ನ ಹೂವಿನಲ್ಲೇ ಕಾಳು ಕಟ್ಟುವ ಭತ್ತ ಅದನ್ನು ತಡೆದೀತು, ಇವು ತಡೆಯಲ್ಲ,” ಎಂದರು. “ಆ ಹೆಂಗಸಿಗೆ ನೀವೇ ಹೇಳಿ.”

ಸಂಜೆ ಉಮ್ಮ ಕೇಳಿದರು: “ನನ್ನವು ಮಾತ್ರ ಯಾಕೆ ಸತ್ತವು, ಮಗನೇ?”

“ನಿಮ್ಮ ಗೂಟದ ಕಡೆ ನೀರು ಸರಿಯಿಲ್ಲ,” ಎಂದೆ. ಅಷ್ಟು ವರ್ಷ ತಡವರಿಸಿದ ನನ್ನ ಮಲಯಾಳಂ ಅಂದು ಎಲ್ಲೂ ತಡವರಿಸಲಿಲ್ಲ. ಅವರು ನಂಬಿ ಗೂಟ ಕಿತ್ತು, ಚಿಪ್ಪು ಬೆಳೆಸುವುದನ್ನೇ ಬಿಟ್ಟರು. ಈಗ ಸಿಗಡಿ ಸುಲಿಯುವ ಶೆಡ್ಡಿನಲ್ಲಿ ನಿಂತು ಬೆರಳು ಒಡೆದುಕೊಂಡಿದ್ದಾರೆ. ನನ್ನ ಮಡಕೆಯನ್ನು ಮಾತ್ರ ಇಂದಿಗೂ ಬೇರೆಯೇ ತೊಳೆದಿಡುತ್ತಾರೆ.

ಊರಿಗೆ ಬಂದರೆ ಅಪ್ಪ ಕಣದಲ್ಲಿ ತೆನೆ ಆರಿಸುತ್ತಾ, “ಎಂಗದೆ ಕೆಲ್ಸ?” ಎನ್ನುತ್ತಾರೆ. “ಚೆನ್ನಾಗದೆ,” ಎನ್ನುತ್ತೇನೆ. ಎರಡು ಕಡೆಯೂ ಸುಳ್ಳು ಹೇಳಿ ಉಣ್ಣುವವನು ಯಾವ ಊರಿನವನು? ಉಮ್ಮನಿಗೆ ಹೇಳಬೇಕಿದ್ದುದನ್ನು, ಅವರು ಓದಲಾರದ ಕನ್ನಡದಲ್ಲಿ ನಿಮಗೆ ಬರೆದಿದ್ದೇನೆ.