ಪ್ಯಾಂಟಿನೊಳಗೆ ಬಸಮ್ಮಕ್ಕನ ಕೈ

ಬಸಮ್ಮಕ್ಕನನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅವಳ ಬಲಗೈ. ಅದು ಮೊಣಕೈವರೆಗೂ ಯಾವುದಾದರೊಂದು ಜೀನ್ಸ್ ಪ್ಯಾಂಟಿನ ಕಾಲಿನೊಳಗೆ ಇಳಿದಿರುತ್ತಿತ್ತು. ಹೊಲಿದು ಮುಗಿಸಿದ ಪ್ರತಿ ಪ್ಯಾಂಟನ್ನೂ ಅವಳು ಹಾಗೆ ಬರಿಗೈಯಿಂದ ಸವರಿ ನೋಡುತ್ತಿದ್ದಳು. "ಹಾಕ್ಕೊಳ್ಳೋರ ಕಾಲಿಗಿಂತ ಮೊದಲು ನಮ್ಮ ಕೈ ಹೋಗಿ ಬರ್ಬೇಕವಾ" ಎನ್ನುತ್ತಿದ್ದಳು.

ಮಕ್ಕಳೇ, ನಿಮ್ಮ ತಾತ ತೀರಿಕೊಂಡ ಮೇಲೆ ರಾಯದುರ್ಗದ ಹೊಲಿಗೆ ಶೆಡ್ಡಿಗೆ ನನ್ನನ್ನು ಕೈಹಿಡಿದು ಕರೆದುಕೊಂಡು ಹೋದವಳು ಅವಳೇ. ನಾನು ಮಡಕಶಿರಾ ಕಡೆಯವಳು, ಮಾತು ಕಡಿಮೆ. "ಈಕಿ ಬಾಯಾಗ ದಾರ ಕಚ್ಕೊಂಡ ಹುಟ್ಯಾಳ" ಎಂದು ಎಲ್ಲರೆದುರು ನಗುವಳು. ಊಟದ ಹೊತ್ತಿಗೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕಡೆ ತಳ್ಳುವಳು.

ಮೊದಲೆಲ್ಲ ನಮ್ಮ ಬಟ್ಟೆ ಬಳ್ಳಾರಿ ಅಂಗಡಿಗಳಿಗೆ ಹೋಗುತ್ತಿತ್ತು. ಆಮೇಲೆ ಮೆಕ್ಸಿಕೋ ದೇಶದ ಒಂದು ದೊಡ್ಡ ಅಂಗಡಿಯ ಆರ್ಡರ್ ಬಂತು. ಶೆಡ್ಡಿನ ಸಾವ್ಕಾರ ಆ ಅಂಗಡಿಯನ್ನು ಫೋನಿನಲ್ಲಿ ತೋರಿಸಿದ. ಊರೂರಲ್ಲೂ ಅದರದೇ ಮಾಳಿಗೆ ಮೇಲೆ ಮಾಳಿಗೆಯ ಕಟ್ಟಡ. ಬಟ್ಟೆ, ಮಂಚ, ಫ್ರಿಜ್ ಎಲ್ಲ ಒಂದೇ ಸೂರಿನಡಿ. ಹೋಗಲಾರದವರು ಮನೆಯಲ್ಲೇ ಕುಳಿತು ಫೋನ್ ಒತ್ತಿದರೆ ಸಾಮಾನು ಬಾಗಿಲಿಗೇ ಬರುತ್ತದಂತೆ. ನಾವೆಲ್ಲ ಬೆರಗಾದೆವು. ಬಸಮ್ಮಕ್ಕ ಮಾತ್ರ ಹೆದರಿದಳು. "ಗಿರಾಕಿ ಮುಖಾನ ಕಾಣೂದಿಲ್ಲಲ್ರಿ ಸಾವ್ಕಾರ್ರ. ಏನರ ಆದ್ರ ಯಾರ್ನ ಹುಡುಕೂದು?"

ಆ ಆರ್ಡರಿನ ಕೊನೆಯ ದಿನ, ಒಂದು ಸಣ್ಣ ಮಗುವಿನ ಪ್ಯಾಂಟಿನ ಅಂಚು ಹೊಲಿದು ಮುಗಿಯುತ್ತಿದ್ದಾಗ ಅವಳ ಮಿಷಿನ್ನಿನ ಸೂಜಿ ಮುರಿಯಿತು. ಸೂಜಿ ಮುರಿದರೆ ತುಂಡುಗಳನ್ನೆಲ್ಲ ಹುಡುಕಿ, ಜೋಡಿಸಿ, ಪೂರ್ತಿಯಾಯಿತೆಂದು ಕಂಡ ಮೇಲೆಯೇ ಹೊಸದನ್ನು ಹಾಕುವುದು ನಮ್ಮ ಪದ್ಧತಿ. ಆ ದಿನ ಮೊನೆ ಸಿಗಲಿಲ್ಲ. ಮಿಷಿನ್ ಬಿಚ್ಚಿದೆವು, ನೆಲ ಗುಡಿಸಿದೆವು. ನಾವು ಹಾಗೆ ಬಗ್ಗಿ ಹುಡುಕುತ್ತಿದ್ದಾಗ ಯಾರೋ ಆ ಪ್ಯಾಂಟನ್ನೂ ಉಳಿದವುಗಳ ರಾಶಿಗೆ ಸೇರಿಸಿಬಿಟ್ಟಿದ್ದರು.

ಸಾವ್ಕಾರ ಅಯಸ್ಕಾಂತ ತಂದ. ಅದು ಪ್ಯಾಂಟಿನ ಕಬ್ಬಿಣದ ಗುಂಡಿಗಳಿಗೆಲ್ಲ ಪಟಪಟನೆ ಕಚ್ಚಿಕೊಂಡಿತು. ಎಲ್ಲರೂ ನಕ್ಕರು. ಬಸಮ್ಮಕ್ಕ ನಗಲಿಲ್ಲ. ನೆಲಕ್ಕೆ ಕುಳಿತು ಒಂದೊಂದರ ಕಾಲೊಳಗೂ ಕೈ ಇಳಿಸತೊಡಗಿದಳು. ನಾನೂ ಪಕ್ಕದಲ್ಲಿ ಕುಳಿತೆ. ಓಬಳಾಪುರದ ಗಣಿಯ ಕೆಂಪು ಧೂಳು ಮೆತ್ತಿಕೊಂಡ ವ್ಯಾನು ಬಾಗಿಲಲ್ಲಿ ಹಾರನ್ ಹೊಡೆಯುತ್ತಲೇ ಇತ್ತು.

"ಏಳ್ರಿ ಬಸಮ್ಮ. ಹಡಗು ತಪ್ಪಿದ್ರ ಆರ್ಡರ್ ಹೋತು. ಇಷ್ಟು ಜನದ ಹೊಟ್ಟಿ ಮ್ಯಾಲೆ ಹೊಡೀತೀರೇನು?" ಎಂದ ಸಾವ್ಕಾರ.

"ಕೂಸಿನ ಕಾಲಿಗೆ ಹೊಕ್ಕರ?"

"ಮೆಕ್ಸಿಕೋದಿಂದ ಯಾರು ಬಂದು ನಿಮ್ಮನ್ನ ಕೇಳ್ತಾರ?"

"ಅದ್ಕ ನನಗ ಹೆದರಿಕಿರೀ" ಎಂದಳು.

ಕೊನೆಯ ಎರಡು ಬಂಡಲ್ ಅವಳ ಕೈ ಮುಟ್ಟುವ ಮೊದಲೇ ವ್ಯಾನು ಸೇರಿದವು.

ಅವತ್ತಿನಿಂದ ಸಾವ್ಕಾರನ ಫೋನ್ ಬಡಿದುಕೊಂಡರೆ ಸಾಕು, ಬಸಮ್ಮಕ್ಕನ ಕಾಲು ಪೆಡಲ್ ಮೇಲೆ ನಿಂತುಬಿಡುತ್ತಿತ್ತು. ಒಮ್ಮೆ ನಮ್ಮ ಮನೆಗೆ ಬಂದು, ನಿಮ್ಮಮ್ಮನ ಕೈಯಿಂದ ಆ ಅಂಗಡಿಯನ್ನು ಫೋನಿನಲ್ಲಿ ತೆರೆಸಿದಳು. ನಾವು ಹೊಲಿದಂಥದೇ ಪ್ಯಾಂಟು ತೊಟ್ಟ ಗುಂಗುರು ಕೂದಲಿನ ಮಗುವೊಂದು ನಗುತ್ತಿತ್ತು. "ಮುಖ ಬ್ಯಾಡವಾ, ಕಾಲು ದೊಡ್ಡದು ಮಾಡಿ ತೋರ್ಸು" ಎಂದಳು. ಬಹಳ ಹೊತ್ತು ನೋಡಿದಳು. ಕೊಟ್ಟ ಚಹಾ ಹಾಗೆಯೇ ಆರಿಹೋಯಿತು.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕಣ್ಣು ಮುಚ್ಚಿದ್ದಳು. ಬಲಗೈ ಮಾತ್ರ ಕಂಬಳಿಯೊಳಗೆ ಮೆಲ್ಲಗೆ ಸವರುತ್ತಲೇ ಇತ್ತು.

"ಸಿಕ್ತೇನ?" ಎಂದಳು.

"ಸಿಕ್ತಕ್ಕಾ. ಅವತ್ತೇ ಸಿಕ್ತು" ಎಂದೆ. ಅವಳಿಗೆ ನಾನು ಹೇಳಿದ ಸುಳ್ಳು ಅದೊಂದೇ.

ಸವರುತ್ತಿದ್ದ ಕೈ ನಿಂತಿತು. ಕಂಬಳಿಯಿಂದ ಹೊರಗೆ ಬಂದು, ಅಂಗೈ ಮೇಲಾಗಿ ನನ್ನ ಮುಂದೆ ಚಾಚಿಕೊಂಡಿತು. "ಎಲ್ಲೈತಿ, ಕೊಡು."

ಕೊಡಲು ನನ್ನ ಬಳಿ ಏನಿತ್ತು? ಆ ಬೆರಳುಗಳನ್ನು ಮಡಚಿ ನನ್ನ ಕೈಯೊಳಗೆ ಹಿಡಿದುಕೊಂಡೆ. ಮರುವಾರ ಹೋಗುವಷ್ಟರಲ್ಲಿ ಅವಳಿರಲಿಲ್ಲ.

ನಿಮ್ಮ ಪಾರ್ಸೆಲ್ ಬಂದಾಗ ಅಜ್ಜಿ ಅದನ್ನು ಕಿತ್ತುಕೊಂಡು ಹೊಸ ಪ್ಯಾಂಟಿನೊಳಗೆ ಕೈ ಹಾಕುತ್ತಾಳೆಂದು ನಗುತ್ತೀರಿ. ನಕ್ಕುಬಿಡಿ. ಆದರೆ ನನ್ನ ಕೈ ಅಂಚಿನವರೆಗೂ ಹೋಗಿ ಹೊರಗೆ ಬರುವತನಕ ಕಾಲು ಹಾಕಬೇಡಿ.