ಕಡ ತಂದ ಸಂಸಾರ

ಖಾಲಿ ಮನೆಯಲ್ಲಿ ನಿಂತು ಸೀನಿದರೆ ಗೋಡೆಯೂ ತಿರುಗಿ ಸೀನುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ನಾನಂತೂ ಹೋದ ವಾರ ಹುಬ್ಬಳ್ಳಿಯಲ್ಲಿ ಮೊಮ್ಮಗಳು ಬಾಡಿಗೆಗೆ ಹಿಡಿದ ಮನೆಯಲ್ಲಿ ನಾಲ್ಕು ಸಲ ಸೀನಿ ಖಾತ್ರಿ ಮಾಡಿಕೊಂಡೆ. ಅವಳು ಫೋನಿನ ಮೇಲೆ ಬೆರಳು ಸರಿಸುತ್ತ ಸೋಫಾ ಆರಿಸುತ್ತಿದ್ದಳು. ನಾನು ಅದೇ ಫೋನಿನಲ್ಲಿ ಒತ್ತಕ್ಷರ ಹುಡುಕಲು ಈಗಷ್ಟೇ ಕಲಿತವಳು, ಸೋಫಾದ ತನಕ ಇನ್ನೂ ಮುಟ್ಟಿಲ್ಲ. ಆದರೆ ಮನೆ ತುಂಬಿಸುವ ವಿದ್ಯೆಯಲ್ಲಿ ನನ್ನದೂ ಒಂದು ಅನುಭವವಿದೆ. ಅದು ಕೀರ್ತಿ ತರುವಂಥದ್ದಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಎಂಬತ್ತರ ದಶಕದ ಮಾತು. ಮದುವೆಯಾದ ಹೊಸತರಲ್ಲಿ ನನ್ನ ಗಂಡನಿಗೆ ನವಲಗುಂದದ ಹತ್ತಿ ಕಾರ್ಖಾನೆಯೊಂದರಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಅತ್ತೆಯ ಮನೆ ಕಲಘಟಗಿ ಕಡೆಯ ಹಳ್ಳಿಯಲ್ಲಿ. ಮಗ ಖಾನಾವಳಿಯಲ್ಲಿ ಉಂಡುಕೊಂಡಿರಲಿ, ಸೊಸೆ ನನ್ನ ಹತ್ತಿರವೇ ಇರಲಿ ಎಂಬುದು ಅತ್ತೆಯ ತೀರ್ಪು. ಮೂರು ದಿನ ಉಪ್ಪಿಲ್ಲದ ಸಾರು ಮಾಡಿ ನನ್ನ ದುಃಖವನ್ನು ವಿನಯಪೂರ್ವಕ ನಿವೇದಿಸಿಕೊಂಡೆ. ನಾಲ್ಕನೆಯ ದಿನ ತೀರ್ಪಿಗೆ ತಿದ್ದುಪಡಿ ಬಂತು.

“ಹೋಗ್ರಿ. ದೀಪಾವಳಿ ಆದಮ್ಯಾಲೆ ಬಂದು ನೋಡ್ತೀನಿ. ಮನಿ ಮನಿ ಹಂಗ ಇತ್ತೋ, ಇರು. ಇಲ್ಲಂದ್ರ ಅದ ದಿನ ನನ್ನ ಜೋಡಿ ಬಸ್ ಹತ್ತಬೇಕು ನೋಡು.”

ಗಂಗಕ್ಕ ಎಂಬವರ ಮನೆಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ ಹೂಡಿದೆವು. ಒಂದು ಸೀಮೆಎಣ್ಣೆಯ ಸ್ಟೋವು, ಸಂತೆಯಿಂದ ತಂದ ಎರಡು ಬುಟ್ಟಿ, ಸಾಬೂನಿನ ಕಟ್ಟಿಗೆ ಪೆಟ್ಟಿಗೆಯ ಮೇಲೆ ನನ್ನ ಕಸೂತಿ ಬಟ್ಟೆ ಹೊದಿಸಿ ಟೀಪಾಯಿಯ ಪದವಿಗೇರಿಸಿದ ಪೀಠೋಪಕರಣ, ಕಾರ್ಖಾನೆಯ ಹಳೆಯ ಗೋಣಿತಟ್ಟಿನೊಳಗೆ ಉದುರು ಹತ್ತಿ ತುಂಬಿ ನಾವೇ ಹೊಲಿದ ಗಾದಿ. ಆ ಗಾದಿಯಲ್ಲಿ ಬೀಜ ಉಳಿದುಕೊಂಡಿದ್ದವು; ಯಾವ ಮಗ್ಗುಲಿಗೆ ಹೊರಳಿದರೂ ಒಂದು ಹತ್ತಿಕಾಳು ಮುಂದೆ ಬಂದು ಕ್ಷೇಮಸಮಾಚಾರ ಕೇಳುತ್ತಿತ್ತು. ಅಷ್ಟರಲ್ಲೇ ನಮಗೆ ಎಷ್ಟು ಸುಖವಾಗಿತ್ತೆಂದರೆ, ಮನೆಯಲ್ಲಿ ಏನೇನು ಇಲ್ಲ ಎಂಬುದು ಕಣ್ಣಿಗೆ ಬಿದ್ದೇ ಇರಲಿಲ್ಲ. ಅದು ಬಿದ್ದದ್ದು, ಬುಧವಾರ ಬರುತ್ತೇನೆಂದು ಅತ್ತೆ ಯಾರಿಂದಲೋ ಬರೆಸಿದ ಕಾರ್ಡು ಬಂದ ದಿನ.

ಗಂಗಕ್ಕ ಮೇಲೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. “ಅತ್ತಿ ಬಂದ್ರ ಎಲ್ಲಿ ಕುಂದರಸ್ತಿ ಬೇ? ಸೋಪಿನ ಪೆಟಗಿ ಮ್ಯಾಲ?”

“ಗಾದಿ ಐತಲ್ರಿ, ಅಕ್ಕಾರ.”

“ಅದರ ಮ್ಯಾಲ ಕುಂತಳಂದ್ರ ಚಾ ಸೈತ ಕುಡಿಯೂದಿಲ್ಲ, ನಿನ್ನ ಎಳಕೊಂಡ ಹೋಗ್ತಾಳ!”

ಬುಧವಾರ ಮುಂಜಾನೆ ಓಣಿಯೇ ನಮ್ಮ ಮೆಟ್ಟಿಲು ಹತ್ತಿತು. ಒಬ್ಬರ ತಾಮ್ರದ ಹಂಡೆ, ಗಂಗಕ್ಕನ ಕುರ್ಚಿ ಮತ್ತು ಹಿಟ್ಟು ನಾದುವ ಪರಾತ, ಯಾರ ಯಾರದೋ ತಾಟು, ಚರಿಗೆ, ಗ್ಲಾಸು. ಜಮಖಾನೆ ನೇಯುವ ಮಾಬೂಬಿ, ಗಿರಾಕಿಗೆಂದು ಮುಗಿಸಿಟ್ಟಿದ್ದ ಹೊಸ ಜಮಖಾನೆಯನ್ನೇ ತಂದು ಹಾಸಿ, “ಸಂಜೀ ಮಟಾ ಅಷ್ಟ, ಹಾಂ! ಚಾ ಚೆಲ್ಲಿದ್ರ ನಿಮ್ಮತ್ತಿಗಿಂತ ಜೋರ ಮಾಡ್ತೀನಿ ನಾ” ಎಂದು ಹೋದಳು. ಕೋಣೆ ಝಗಝಗಿಸಿತು. ನಾನು ಅದರ ನಡುವೆ ಹುಟ್ಟಾ ಶ್ರೀಮಂತಳಂತೆ ನಿಂತೆ.

ನಮ್ಮ ಕಡೆ ಪಾತ್ರೆ ಕೊಂಡರೆ ಅದರ ಅಂಚಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸದೆ ಅಂಗಡಿಯಿಂದ ತರುವುದಿಲ್ಲ. ಇದು ನನಗೇನು ಗೊತ್ತಿಲ್ಲದ್ದಲ್ಲ. ಅತ್ತೆಗೆ ಓದಲು ಬಾರದು ಎಂಬ ಧೈರ್ಯ. ಆ ಧೈರ್ಯದಲ್ಲಿ ಒಂದು ಸಂಗತಿ ಮರೆತಿದ್ದೆ. ಮದುವೆಮನೆಗಳಲ್ಲಿ ಊರವರ ಪಾತ್ರೆಗಳೆಲ್ಲ ಬೆರೆತು ರಾಶಿಯಾದಾಗ, ಮಾತಾಡುತ್ತ ಮಾತಾಡುತ್ತಲೇ ಅಂಚಿನ ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿ ಇದು ಇವರದು, ಇದು ಅವರದು ಎಂದು ಬೇರ್ಪಡಿಸಿ ಕೊಡುತ್ತಿದ್ದವರು ನಮ್ಮ ಅತ್ತೆಯೇ.

ಅತ್ತೆ ಬಂದರು, ಜಮಖಾನೆಯ ಮೇಲೆ ಕುಳಿತು ನೀರು ಕುಡಿದರು. ಹೆಬ್ಬೆರಳು ಗ್ಲಾಸಿನ ಅಂಚಿನ ಮೇಲೆ ಹರಿದಾಡಿ ನಿಂತಿತು. ಚರಿಗೆ ಎತ್ತಿಕೊಂಡರು, ಸವರಿದರು. ತಾಟು ತಿರುವಿದರು, ಸವರಿದರು.

“ಇವೆಲ್ಲಾ ಯಾರ ಹೆಸರು?”

“ನಿಮ್ಮ ಮಗಂದು, ಅತ್ತಿ.”

“ಹೌದ? ನಾ ಹಡದಾಂವಗ ಎಷ್ಟು ಹೆಸರು ಅದಾವ ತಂಗಿ?”

ನನ್ನ ಗಂಡ ಕಿಟಕಿಯಾಚೆ ಆಕಾಶ ನೋಡತೊಡಗಿದರು. ನಾನು ಉತ್ತರಕ್ಕಾಗಿ ಕಾಲ್ಬೆರಳಿನಿಂದ ನೆಲ ಕೆರೆಯುತ್ತಿರುವಾಗಲೇ ಮಾಬೂಬಿ ಏದುಸಿರು ಬಿಡುತ್ತ ಬಂದಳು. “ಮಾಫ್ ಮಾಡ್ರಿ ಅಮ್ಮಾ, ಗಿರಾಕಿ ಈಗ ಬಂದ ಕುಂತಾನ, ಜರಾ ಏಳ್ರಿ.” ಅತ್ತೆ ಎದ್ದರು, ಜಮಖಾನೆ ಸುತ್ತಿಕೊಂಡು ಹೋಯಿತು. ಹಿಂದೆಯೇ ಗಂಗಕ್ಕ: ಬೀಗರು ಬಂದುಬಿಟ್ಟಿದ್ದಾರೆ, ಪರಾತ ಬೇಕು, ಕುರ್ಚಿಯೂ ಬೇಕು. ಉಳಿದವರೂ ಒಬ್ಬೊಬ್ಬರಾಗಿ ಬಂದರು; ಅರ್ಧ ತಾಸಿನೊಳಗೆ ನನ್ನ ಸಿರಿವಂತಿಕೆಯೆಲ್ಲ ಮೆಟ್ಟಿಲಿಳಿಯಿತು.

ಅತ್ತೆ ಹೋಗಿ ಗಾದಿಯ ಮೇಲೆ ಕುಳಿತರು. ಹತ್ತಿಕಾಳುಗಳು ಅವರನ್ನೂ ಮಾತನಾಡಿಸಿರಬೇಕು, ಕೊಂಚ ಮಗ್ಗುಲು ಬದಲಿಸಿದರು.

“ಈಗ ನಿಮ್ಮದು ಏನೈತಿ, ಅದನ್ನ ತೋರಸು.”

ಎರಡು ತಾಟು, ಒಂದು ಚರಿಗೆ, ಒಂದು ಗ್ಲಾಸು ತಂದಿಟ್ಟೆ.

“ಇಬ್ಬರ ನಡಕ ಒಂದ ಗ್ಲಾಸ?”

“ಹೌದ್ರಿ.”

“ಮೊದಲ ಯಾರು ಕುಡೀತೀರಿ?”

“ಯಾರಿಗೆ ನೀರಡಿಕಿ ಭಾಳ ಆಗಿರ್ತೈತೋ ಅವರು.”

ಅತ್ತೆ ಆ ಗ್ಲಾಸಿನಲ್ಲಿ ಮತ್ತೊಮ್ಮೆ ನೀರು ಕೇಳಿ ಕುಡಿದು, ಸೆರಗಿನಿಂದ ಒರೆಸಿ ಬೋರಲು ಹಾಕಿದರು. “ನಾಕರ ಬಸ್ಸಿಗೆ ಹೊಂಡೂಣು” ಎಂದರು. ನಾನು ಒಳಗೆ ಹೋಗಿ ನನ್ನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿದೆ. ನನ್ನ ಗಂಡ ಬಾಗಿಲಲ್ಲಿ ನಿಂತು ನೋಡಿದರೇ ಹೊರತು ತಾಯಿಯನ್ನು ಕೇಳುವ ಧೈರ್ಯ ಮಾಡಲಿಲ್ಲ. ಮುಂದೆ ಅತ್ತೆ, ಹಿಂದೆ ಚೀಲ ಹೊತ್ತ ನಾನು, ನನ್ನ ಹಿಂದೆ ಗಂಡ, ಹೀಗೆ ಬಸ್ ನಿಲ್ದಾಣ ಮುಟ್ಟಿದೆವು.

ಅತ್ತೆ ಬಸ್ ಹತ್ತಿ ಕಿಟಕಿಯ ಪಕ್ಕ ಕುಳಿತರು. ನಾನೊಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟಿದ್ದೆ. ಕಂಡಕ್ಟರ್ ಕೇಳಿದ: “ಎಷ್ಟ ಟಿಕೀಟ್ರಿ ಅಮ್ಮಾರ?”

“ಒಂದ.”

ಆಮೇಲೆ ನನ್ನ ಕಡೆ ತಿರುಗಿ, ಚೀಲ ನೋಡಿ ಹುಬ್ಬೇರಿಸಿದರು. “ಅದ್ಯಾಕ ಹೊತಗೊಂಡ ಬಂದಿ? ಇವತ್ತೇನ ಸಂತಿ ಐತೇನು?”

“ಏನಿಲ್ರಿ ಅತ್ತಿ. ಸುಮ್ನ ತಂದೆ.”

ಬಸ್ಸು ಹೊರಟಿತು. ನನ್ನ ಗಂಡ ಸುತ್ತಮುತ್ತ ನೋಡಿ, ಚೀಲದ ಒಂದು ಹಿಡಿಕೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡರು. ಮೂರು ಸೀರೆಯ ಚೀಲವನ್ನು ನವಲಗುಂದದ ನಡುಬೀದಿಯಲ್ಲಿ, ಜೋಳದ ಮೂಟೆ ಸಾಗಿಸುವವರಂತೆ ಇಬ್ಬರೂ ಆಚೆಗೊಂದು ಈಚೆಗೊಂದು ಹಿಡಿದು ಮನೆಗೆ ತಂದೆವು.