ಖಾಲಾಗೆ ನಾನು ಬದಲಿಸಿ ಹೇಳಿದ ಕ್ಲೈಮ್ಯಾಕ್ಸುಗಳು

ಹೋದ ವಾರ ಬ್ಲೌಸ್ ಹೊಲಿಯಲು ಕೊಡೋಣವೆಂದು ಮಾಲೂರಿನ ಒಂದು ಟೈಲರ್ ಅಂಗಡಿಗೆ ಹೋಗಿದ್ದೆ. ಆಗ ತಾನೇ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ಪಿಸ್ತೂಲು! ಓವರ್‌ಕೋಟು, ಓರೆ ಟೋಪಿ, ಸಿಗರೇಟಿನ ಹೊಗೆ, ಗೋಡೆಯ ಮೇಲೆ ಪಟ್ಟೆಪಟ್ಟೆ ನೆರಳು... ಅಳತೆ ಕೊಡುವುದನ್ನೂ ಮರೆತು ನಗುತ್ತ ನಿಂತುಬಿಟ್ಟೆ. ಟೈಲರ್ ನನ್ನನ್ನು ಒಂಥರಾ ನೋಡಿದರು.

ಇದಕ್ಕೆಲ್ಲ ಕಾರಣ ಖಾಲಾ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಟೇಕಲ್ಲಿನವಳಾದ ನಾನು ಶ್ರೀನಿವಾಸಪುರದ ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಹೋದಾಗ ಪಕ್ಕದ ಮನೆಯಲ್ಲಿದ್ದ ಟೈಲರಮ್ಮ ಅವರು. ಗಂಡ ತೀರಿಹೋಗಿದ್ದರು, ಮಗ ನರಸಾಪುರದ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಿದ್ದ. ಅವರ ಮನೆಯಲ್ಲಿ ಡಿವಿಡಿ ಪ್ಲೇಯರ್ ಇತ್ತು, ನನ್ನ ಹತ್ತಿರ ಇಂಗ್ಲಿಷ್ ಇತ್ತು, ಇಬ್ಬರಿಗೂ ಕೊಲೆ ಸಿನಿಮಾದ ಹುಚ್ಚಿತ್ತು. ಇನ್ನೇನು ಬೇಕು ಹೇಳಿ!

ಹಳೆಯ ಕಪ್ಪು-ಬಿಳುಪಿನ ಅಮೆರಿಕದ ಕ್ರೈಂ ಚಿತ್ರಗಳು. ಅವಕ್ಕೆ ಫಿಲ್ಮ್ ನುವಾರ್ ಅನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ಆಮೇಲೆ. ಖಾಲಾ ಅವನ್ನು 'ನೆರಳಿನ ಪಿಕ್ಚರ್' ಅನ್ನುತ್ತಿದ್ದರು. ಅದೇ ಧಾಟಿಯಲ್ಲಿ ಈಚೆಗೆ ಬಂದವು 'ಕಲರ್ ನೆರಳು'. ಕೋಲಾರಕ್ಕೆ ಹೋದಾಗಲೆಲ್ಲ ನಾನು ಒಂದೆರಡು ಡಿಸ್ಕ್ ತರುತ್ತಿದ್ದೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಕಿಟಕಿಗೆ ದುಪ್ಪಟಿ ಕಟ್ಟಿ, ಹೊಲಿಗೆ ಮಿಷನ್ನಿನ ಎಣ್ಣೆ ವಾಸನೆಯ ಆ ಕೋಣೆಯನ್ನು ಕತ್ತಲು ಮಾಡಿಕೊಂಡು ಕೂರುತ್ತಿದ್ದೆವು. ಅವರ ಕೈ ಆ ಕತ್ತಲಲ್ಲೂ ಅಂದಾಜಿನ ಮೇಲೆ ಹೆಮ್ಮಿಂಗ್ ಮಾಡುತ್ತಲೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳಬೇಕು. ಒಂದು ನಿಮಿಷ ಸುಮ್ಮನಾದರೆ ತೊಡೆಗೆ ಏಟು.

"ಏನಂದ್ಳು? ಏನಂದ್ಳು ಹೇಳಿ ಬೇಗ!"

ಮಜಾ ಏನೆಂದರೆ ಮಾತು ಗೊತ್ತಿದ್ದ ನನಗಿಂತ ಮೊದಲು ಕೊಲೆಗಾರನನ್ನು ಹಿಡಿಯುತ್ತಿದ್ದದ್ದು ಅವರೇ. ಟೈಲರ್ ಕಣ್ಣಲ್ಲವೇ! "ಅರೇ ಟೀಚರಮ್ಮ, ಆ ಕೋಟು ಎಡಗಡೆ ಜಗ್ತಾ ಐತೆ ನೋಡಿ, ಒಳಗೆ ಪಿಸ್ತೂಲ್ ಐತೆ!" ಇನ್ನೊಮ್ಮೆ ಒಬ್ಬನ ತೋಳಿಗೆ ಬೇರೆ ದಾರದಲ್ಲಿ ಗುಂಡಿ ಹಾಕಿದ್ದಾರೆಂದು ಅಲ್ಲೇ ಕಂಡುಹಿಡಿದರು. ಮುಕ್ಕಾಲು ಗಂಟೆ ಆದ ಮೇಲೆ ಚಿತ್ರದ ಪತ್ತೇದಾರನಿಗೂ ಅದೇ ಗುಂಡಿ ಸಿಕ್ಕಿತು. ನಾವಿಬ್ಬರೂ ಕಿರುಚಿಕೊಂಡ ರಭಸಕ್ಕೆ ಎದುರು ಮನೆಯವರು ಓಡಿಬಂದಿದ್ದರು.

ಆದರೆ ಆ ಚಿತ್ರಗಳಲ್ಲಿ ಒಂದು ತೊಂದರೆ. ಕೊನೆಗೆ ಹೆಂಗಸಿಗೆ ಉಳಿಗಾಲವಿಲ್ಲ. ಗುಂಡೇಟು, ಇಲ್ಲವೇ ಜೈಲು. ಅಂಥದ್ದೊಂದು ನೋಡಿದ ದಿನ ಖಾಲಾ ಸೂಜಿ ಕೆಳಗಿಟ್ಟರು. "ನಕ್ಕೋ, ಬೇಡ ಟೀಚರಮ್ಮ, ಸಾಕು. ಅವಳಿಗೆ ಬೇರೆ ದಾರಿ ಎಲ್ಲಿತ್ತು?" ಅಂದರು. ಎರಡು ಭಾನುವಾರ ಪ್ಲೇಯರ್ ಮುಟ್ಟಲಿಲ್ಲ. ನನಗೋ ಜೀವವೇ ಹೋದಂತಾಯಿತು. ಆ ಊರಿನಲ್ಲಿ ನನಗಿದ್ದ ಸುಖವೇ ಅದೊಂದು...

ಮೂರನೇ ವಾರ ಹೇಗೋ ಒಪ್ಪಿಸಿ ಕೂರಿಸಿದೆ. ಅದರಲ್ಲೂ ಕೊನೆಗೆ ನಾಯಕಿಯನ್ನು ಬಂದರಿನಲ್ಲಿ ಹಿಡಿದು ಪೊಲೀಸರು ಎಳೆದೊಯ್ದರು. ನಾನು ತಟ್ಟನೆ ಹೇಳಿದೆ, "ಹಡಗು ಹತ್ತಿಸೋಕೆ ಕರ್ಕೊಂಡ್ ಹೋಗ್ತಿದ್ದಾರೆ ಖಾಲಾ. ಬಿಟ್‌ಬಿಟ್ರು!"

"ಮತ್ತೆ ಅವನ್ಯಾಕೆ ಅವಳ ಕೈ ಹಿಡ್ಕೊಂಡವ್ನೆ?"

"ಸೂಟ್‌ಕೇಸ್ ಭಾರ ಅಲ್ವಾ... ಸಹಾಯಕ್ಕೆ."

ಖಾಲಾ ನನ್ನ ಮುಖ ನೋಡಿದರು. "ಒಳ್ಳೇದಾಯ್ತು ಬಿಡಿ," ಅಂದು ಚಹಾ ಇಡಲು ಎದ್ದರು.

ಅಲ್ಲಿಂದ ನನ್ನ ಸುಳ್ಳಿನ ಕಾರ್ಖಾನೆ ಶುರು. ಕಾರಿನಲ್ಲಿ ಗುಂಡೇಟು ತಿಂದವಳು ಮೂರ್ಛೆ ಹೋದಳು, ನೇಣಿಗೆ ಹೊರಟವಳು ತವರಿಗೆ ಹೊರಟಳು. ಎರಡು ವರ್ಷ ನಾನು ಒಬ್ಬಳನ್ನೂ ಸಾಯಲು ಬಿಡಲಿಲ್ಲ! ಖಾಲಾ ನಂಬಿದ್ದಾರೆಂದೇ ನಾನು ಬೀಗುತ್ತಿದ್ದೆ.

ಆಮೇಲೆ ಅವರಿಗೆ ಹೊಟ್ಟೆನೋವು ಹಿಡಿಯಿತು. ಮಗ ಕೋಲಾರಕ್ಕೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ತಂದ. ಏನೂ ಇಲ್ಲ, ಗ್ಯಾಸು ಅಂದ. ಒಂದು ಸಂಜೆ ಖಾಲಾ ರಿಪೋರ್ಟಿನ ಲಕೋಟೆ ಹಿಡಿದು ನಮ್ಮ ಮನೆಗೆ ಬಂದರು. ಎಲ್ಲ ಇಂಗ್ಲಿಷಿನಲ್ಲಿತ್ತು. ಎರಡನೇ ಹಾಳೆಯಲ್ಲಿದ್ದದ್ದು ಗ್ಯಾಸಲ್ಲ, ಕ್ಯಾನ್ಸರ್. ಗ್ಯಾಸೇ ಖಾಲಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಟೀಚರಮ್ಮ," ಅಂದರು ಅವರು, "ನನ್ನನ್ನ ಹಡಗು ಹತ್ತಿಸಬೇಡಿ. ಇದ್ದದ್ದು ಇದ್ದಂಗೆ ಓದಿ."

ನಾನು ಹಾಳೆ ಕೆಳಗಿಟ್ಟೆ. "ನಿಮಗೆ... ಗೊತ್ತಿತ್ತಾ?"

"ಪೊಲೀಸ್‌ನವ್ನು ಸೂಟ್‌ಕೇಸ್ ಹೊರ್ತಾನೇನ್ರೀ? ಪಿಕ್ಚರ್‌ನಲ್ಲಿ ಅವಳ ಕಣ್ಣಲ್ಲಿ ನೀರು, ನೀವು ತವರಿಗೆ ಹೊರಟ್ಲು ಅಂತೀರ." ನಕ್ಕರು. "ನನ್ನ ಬೇಜಾರು ನೋಡೋಕಾಗ್ದೆ ಹೇಳಿದ್ರಿ. ನಿಮ್ಮ ಕತೇನೂ ಚೆನ್ನಾಗಿತ್ತು, ಸುಮ್ನಿದ್ದೆ. ಮಗಾನೂ ಹಂಗೇ ಸುಳ್ಳು ಹೇಳ್ತಾವ್ನೆ, ಮುಖ ನೋಡಿದ್ರೆ ಗೊತ್ತಾಗಲ್ವಾ? ಈಗ ನೀವಾದ್ರೂ ಹೇಳಿ. ಮಿಷನ್ ಮೇಲೆ ಜನರ ಬಟ್ಟೆ ಐತೆ, ನಂಗೆ ಎಷ್ಟು ಟೈಮ್ ಐತೆ ಗೊತ್ತಾಗಬೇಕು."

ಓದಿದೆ. ಒಂದು ಸಾಲನ್ನೂ ಬಿಡದೆ ಓದಿದೆ. ನಡುವೆ ಅತ್ತವಳು ನಾನೇ. ಅವರು ನೀರು ತಂದುಕೊಟ್ಟು, ನಾನು ಕುಡಿಯುವವರೆಗೆ ಕಾದು, "ಹಾಂ, ಮುಂದಕ್ಕೆ," ಅಂದರು.

ಒಪ್ಪಿಕೊಂಡಿದ್ದ ಬಟ್ಟೆಯನ್ನೆಲ್ಲ ಹದಿನೈದು ದಿನದಲ್ಲಿ ಹೊಲಿದು ಮುಗಿಸಿದರು. ಹೊಸದು ತೆಗೆದುಕೊಳ್ಳಲಿಲ್ಲ. ಅಷ್ಟಾದ ಮೇಲೆ ನನ್ನನ್ನು ಕರೆದು ಹೇಳಿದ್ದೇನು ಗೊತ್ತೇ? "ಎಲ್ಲಾ ನೆರಳಿನ ಪಿಕ್ಚರೂ ತನ್ನಿ. ಮೊದಲಿಂದ ನೋಡೋಣ, ಈ ಸಲ ನಿಜವಾದ ಕ್ಲೈಮ್ಯಾಕ್ಸು ಹೇಳಿ!"

ಅಬ್ಬಾ, ಆ ನಾಲ್ಕು ತಿಂಗಳು! ದಿಂಬಿಗೆ ಒರಗಿಕೊಂಡೇ ಜಗಳ ಆಡುತ್ತಿದ್ದರು. "ಮೋಸ! ಇವಳನ್ನ ಬಿಡಬೇಕಾಗಿತ್ತು!" "ಇದು ಮಾತ್ರ ನೀವು ಹೇಳಿದ್ದೇ ವಾಸಿ ಇತ್ತು ಟೀಚರಮ್ಮ." ಹೂಂ, ಕೆಲವು ನನ್ನವೇ ಚೆನ್ನಾಗಿದ್ದವು, ನಾನೂ ಒಪ್ಪುತ್ತೇನೆ. ತಂದದ್ದನ್ನೆಲ್ಲ ನೋಡಿ ಮುಗಿಸಿದೆವು. ಆಮೇಲೆ ಹೆಚ್ಚು ದಿನ ಅವರು ಇರಲಿಲ್ಲ...

ಈಗ ಫೋನಿನಲ್ಲೇ ಬೇಕಾದಷ್ಟು ನುವಾರ್ ಚಿತ್ರಗಳು ಸಿಗುತ್ತವೆ. ನಿನ್ನೆಯೂ ಒಂದು ನೋಡಿದೆ. ಅದೆಂಥ ಚಿತ್ರ ಅಂತೀರಿ, ಮೈ ಜುಮ್ಮೆಂದಿತು! ಕೊನೆಗೆ ಗುಂಡು ಹಾರಿ ಆಕೆ ಬಿದ್ದಾಗ, ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. "ಅವಳು ಸತ್ತಳು, ಖಾಲಾ," ಎಂದು ಗಟ್ಟಿಯಾಗಿಯೇ ಹೇಳಿದೆ.